ಗಾಡಿಗೆ ನೆರಳು, ಡಿಶ್‌ಗೆ ಬಿಸಿಲು: ಕ್ಯಾರವಾನ್‌ಗೆ ಎಚ್‌ಡಿ ಟಿವಿ ಹಾಕಿಸುವವರಿಗೆ

ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು, ಎರಡು ಮಂಚ, ಒಂದು ಒಲೆಕಟ್ಟೆ, ನೀರಿನ ಟ್ಯಾಂಕು ಕೂರಿಸಿ, ಆರ್‌ಟಿಒ ಕಾಗದವನ್ನೆಲ್ಲ ಸರಿಮಾಡಿಸಿ ಮನೆ ಮುಂದೆ ತಂದು ನಿಲ್ಲಿಸಿದ ದಿನ ಅವ್ವ ಗಾಡಿಗೆ ಒಂದು ಸುತ್ತು ಬಂದಳು. ಒಳಗೆ ಇಣುಕಿ ನೋಡಿ ಕೇಳಿದ್ದು ಒಂದೇ ಮಾತು: "ಏನ್ಲಾ ಮಗಾ, ರಾತ್ರಿ ಏಳೂವರೆಗೆ ಟಿವಿ ಬತ್ತದ ಇದ್ರಲ್ಲಿ?"

ಮಂಚ, ಒಲೆ, ಟ್ಯಾಂಕು ಮಾಡಿಸಲು ಹಿಡಿದದ್ದಕ್ಕಿಂತ ಹೆಚ್ಚು ಕಾಲ ಆ ಪ್ರಶ್ನೆಗೆ ಹಿಡಿಯಿತು. ಛಾವಣಿ ಮೇಲೆ ಡಿಶ್ ಕೂರಿಸಿ ನೋಡಿದೆ, ಮೊಬೈಲ್ ಇಂಟರ್‌ನೆಟ್ ನಂಬಿ ನೋಡಿದೆ, ಕೊನೆಗೆ ಮನೆ ಮೇಲಿನಂಥದೇ ಒಂದು ಡಿಶ್ಶನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನೆಲಕ್ಕಿಳಿಸಿದೆ. ಈಗ ಮೈಸೂರು, ಮಂಡ್ಯ ಕಡೆ ಟೆಂಪೊ ಟ್ರಾವೆಲರನ್ನು ಮನೆ ಮಾಡಿಕೊಳ್ಳುವವರು ಸಿಕ್ಕಾಗೆಲ್ಲ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಗಾಡಿ ನೋಡಿ ಬರುವುದಿಲ್ಲ, ಮೇಲಿನ ಆಕಾಶ ನೋಡಿ ಬರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಉಪಗ್ರಹ ಎಲ್ಲಿ ನಿಂತಿದೆ?

ಟಿವಿ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಭೂಮಿ ತಿರುಗುವ ವೇಗಕ್ಕೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಮೈಸೂರು ಭೂಮಧ್ಯರೇಖೆಯಿಂದ 12 ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ ಅಷ್ಟೆ. ನಮ್ಮ ಡಿಶ್ ಕಂಪನಿಗಳು ಬಳಸುವ ಉಪಗ್ರಹಗಳು ಮೈಸೂರಿಗಿಂತ ಪೂರ್ವಕ್ಕಿವೆ. ಅದರಿಂದ ಇವೆಲ್ಲ ನಮಗೆ ಆಗ್ನೇಯ ದಿಕ್ಕಿನಲ್ಲಿ, ಬಹಳ ಎತ್ತರದಲ್ಲಿ ಕಾಣಬೇಕು. ಲೆಕ್ಕ ಹಾಕಿ ಬರೆದಿಟ್ಟುಕೊಂಡದ್ದು ಇಲ್ಲಿದೆ. ಕಂಸದಲ್ಲಿರುವುದು ಉಪಗ್ರಹ ನಿಂತಿರುವ ರೇಖಾಂಶ. ಅದರ ಮುಂದಿನ ಮೊದಲ ಅಂಕಿ ಉತ್ತರದಿಂದ ಬಲಕ್ಕೆ ಎಣಿಸಿದ ದಿಕ್ಕು, ಎರಡನೆಯದು ದಿಗಂತದಿಂದ ಮೇಲಿನ ಎತ್ತರ, ಎರಡೂ ಡಿಗ್ರಿಯಲ್ಲಿ:

ಟಾಟಾ ಪ್ಲೇ (83 ಡಿಗ್ರಿ ಪೂರ್ವ): ದಿಕ್ಕು 152, ಎತ್ತರ 74
ಡಿ2ಎಚ್ (88): ದಿಕ್ಕು 137, ಎತ್ತರ 70
ಡಿಡಿ ಫ್ರೀ ಡಿಶ್, ಸನ್ ಡೈರೆಕ್ಟ್ (93.5): ದಿಕ್ಕು 125, ಎತ್ತರ 66
ಡಿಶ್ ಟಿವಿ (95): ದಿಕ್ಕು 123, ಎತ್ತರ 64
ಏರ್‌ಟೆಲ್ (108.2): ದಿಕ್ಕು 109, ಎತ್ತರ 51

ಮಂಡ್ಯಕ್ಕೆ ಬಂದರೆ ಇವು ಒಂದೂವರೆ ಡಿಗ್ರಿಯೊಳಗೇ ಬದಲಾಗುತ್ತವೆ. ಮೈಸೂರಿನವರಿಗೆ ದಿಕ್ಸೂಚಿಯೂ ಬೇಡ: ಅರಮನೆ ಹತ್ತಿರ ನಿಂತು ಚಾಮುಂಡಿ ಬೆಟ್ಟದ ದೇವಸ್ಥಾನದ ಕಡೆ ಮುಖ ಮಾಡಿದರೆ 83 ಡಿಗ್ರಿ ಉಪಗ್ರಹದ ದಿಕ್ಕು ಸಿಕ್ಕಿತು, ಎರಡು ಮೂರು ಡಿಗ್ರಿ ಆಚೀಚೆ. ತಾಯಿಯ ತಲೆ ಮೇಲೆ ನೆಟ್ಟಗೆ ನಿಂತಿದೆ ಅನ್ನಿ. 93.5ರಲ್ಲಿರುವ ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್‌ನಲ್ಲಿ, ದೂರದ ಫ್ರೆಂಚ್ ಗಯಾನಾದಿಂದ. ಅದು ಅತ್ತಿತ್ತ ಸರಿಯದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಪಕ್ಕದ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ.

ಈ ಎತ್ತರದಿಂದ ಏನಾಗುತ್ತದೆ ನೋಡಿ. ಡಿಶ್‌ಗಿಂತ 10 ಮೀಟರ್ ಎತ್ತರದ ಮರವೊಂದು ಆ ದಿಕ್ಕಿನಲ್ಲಿದೆ ಎಂದುಕೊಳ್ಳಿ. 93.5ರ ಸಿಗ್ನಲ್‌ಗೆ ಅದು ಅಡ್ಡ ಬರಬೇಕಾದರೆ ನಾಲ್ಕೂವರೆ ಮೀಟರಿನೊಳಗೇ ಇರಬೇಕು. 83ಕ್ಕೆ ಮರದಿಂದ ಮೂರು ಮೀಟರು ದೂರವಿದ್ದರೆ ಸಾಕು, 108.2ಕ್ಕೆ ಎಂಟು ಮೀಟರು ಬೇಕು. ಇದೇ ಲೆಕ್ಕ ಲಂಡನ್ನಿನಲ್ಲಿ ಹಾಕಿದರೆ, ಅಲ್ಲಿಯವರು ನೋಡುವ 28.2 ಡಿಗ್ರಿಯ ಉಪಗ್ರಹ ದಿಗಂತದಿಂದ ಬರೀ 25 ಡಿಗ್ರಿ ಮೇಲಿದೆ. ಅದೇ ಮರ 21 ಮೀಟರ್ ದೂರದಲ್ಲಿದ್ದರೂ ಅಡ್ಡ. ಅದಕ್ಕೇ ಅಲ್ಲಿಯವರು ಡಿಶ್ಶನ್ನು ಎಷ್ಟು ಮೇಲೆ ಏರಿಸಿದರೆ ಅಷ್ಟು ಒಳ್ಳೆಯದು ಅನ್ನುತ್ತಾರೆ. ನಾವು ಅವರ ವಿಡಿಯೊ ನೋಡಿ ಅದನ್ನೇ ಮಾಡಲು ಹೋಗುತ್ತೇವೆ. ನಮಗೆ ಎತ್ತರದಿಂದ ಸಿಗುವ ಲಾಭ ಹೆಚ್ಚೇನಿಲ್ಲ. ಪಕ್ಕದಲ್ಲಿ ಎರಡಂತಸ್ತಿನ ಮನೆಯಿದ್ದರೂ ನಾಲ್ಕು ಹೆಜ್ಜೆ ಸರಿದರೆ ಸಿಗ್ನಲ್ ಬರುತ್ತದೆ. ನೆತ್ತಿ ಮೇಲೆ ಮಳೆಮರದ ಕೊಂಬೆ ಇದ್ದರೆ ಮಾತ್ರ ಏನು ಮಾಡಿದರೂ ಬರುವುದಿಲ್ಲ.

ಛಾವಣಿ ಮೇಲೋ, ನೆಲದ ಮೇಲೋ

ಛಾವಣಿಗೆ ಡಿಶ್ ಬಿಗಿದು ಒಳಗಿನಿಂದ ಹಿಡಿಕೆ ತಿರುಗಿಸಿ ಎತ್ತುವ ವ್ಯವಸ್ಥೆ ನೋಡಲು ಚೆಂದ. ಮಳೆಯಲ್ಲಿ ಇಳಿಯಬೇಕಿಲ್ಲ, ಕಳ್ಳರ ಭಯ ಇಲ್ಲ, ಬಂದ ಐದು ನಿಮಿಷಕ್ಕೆ ಚಿತ್ರ. ಮೊದಲು ನಾನು ಮಾಡಿಸಿದ್ದು ಇದನ್ನೇ, ಒಂದು ವರ್ಷ ಇಟ್ಟುಕೊಂಡೆ.

ಮೊದಲ ತೊಂದರೆ ಬೇಸಿಗೆಯಲ್ಲಿ ಬಂತು. ಏಪ್ರಿಲ್‌ನ ಮಂಡ್ಯದ ಬಿಸಿಲಿನಲ್ಲಿ ತಗಡಿನ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಒಳಗೆ ಕೂರುವುದಕ್ಕೆ ಆಗುತ್ತದೆಯೇ? ಮಾವಿನ ತೋಪೋ, ಹೊಂಗೆ ಮರವೋ ಹುಡುಕಲೇಬೇಕು. ಮರದ ಕೆಳಗೆ ಗಾಡಿ ನಿಂತರೆ ಡಿಶ್ಶೂ ಮರದ ಕೆಳಗೇ. ನೆರಳು ಬೇಕೋ ಟಿವಿ ಬೇಕೋ ಎಂದು ಪ್ರತಿ ನಿಲ್ದಾಣದಲ್ಲೂ ಪಂಚಾಯಿತಿ. ತೆಂಗಿನ ತೋಟ ಇನ್ನೂ ಮೋಸ: ಗರಿಗಳ ಸಂದಿಯಲ್ಲಿ ಸಿಗ್ನಲ್ ಬರುತ್ತದೆ, ಗಾಳಿ ಬೀಸಿ ಗರಿ ಅಲ್ಲಾಡಿದ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಎರಡನೆಯದು ಅಲುಗಾಟ. 60 ಸೆಂ.ಮೀ. ಡಿಶ್ ಹಿಡಿಯುವ ಕಿರಣದ ಅಗಲ ಸುಮಾರು 3 ಡಿಗ್ರಿ. ನಟ್ಟ ನಡುವೆ ಹೊಂದಿಸಿದ್ದರೆ ಆಚೆ ಒಂದೂವರೆ, ಈಚೆ ಒಂದೂವರೆ. 1.8 ಮೀಟರ್ ಅಗಲದ ಗಾಡಿ ಒಂದು ಬದಿಗೆ 3 ಸೆಂ.ಮೀ. ವಾಲಿದರೆ ಅದೇ ಒಂದು ಡಿಗ್ರಿ ಆಯಿತು. ಭಾವ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಒಳಗೆ ಸೀರಿಯಲ್ ನಿಂತುಹೋಗುತ್ತಿತ್ತು. ಜ್ಯಾಕ್ ಕೊಟ್ಟು ಗಾಡಿಯನ್ನು ಬಿಗಿಯಾಗಿ ನಿಲ್ಲಿಸಿದರೆ ಇದು ತಪ್ಪುತ್ತದೆ, ಆದರೆ ರಾತ್ರಿ ಹತ್ತಕ್ಕೆ ಬಂದು ನಿಂತವರಿಗೆ ಜ್ಯಾಕ್ ಹೊಡೆಯುವ ಹುಮ್ಮಸ್ಸು ಎಲ್ಲಿರುತ್ತದೆ?

ಇನ್ನು ಛಾವಣಿಗೆ ಕೊರೆದ ತೂತು. ಸೀಲಂಟ್ ಎಷ್ಟೇ ಮೆತ್ತಿದರೂ ಎರಡು ಮಳೆಗಾಲದ ಮೇಲೆ ಒಮ್ಮೆ ನೋಡಿಕೊಳ್ಳಲೇಬೇಕು. ಸೋಲಾರ್ ಪ್ಯಾನೆಲ್ ಇದ್ದರೆ ಡಿಶ್ಶಿನ ನೆರಳು ಅದರ ಮೇಲೆ ಬೀಳುತ್ತದೆ. ಪ್ಯಾನೆಲ್‌ನ ಒಂದು ಮೂಲೆ ಮುಚ್ಚಿದರೂ ಬರುವ ಕರೆಂಟು ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಗಾಡಿಯ ಎತ್ತರವೂ ಒಂದಡಿ ಹೆಚ್ಚಿದ್ದು ರೈಲ್ವೆ ಅಂಡರ್‌ಪಾಸ್ ಎದುರಿಗೆ ಬಂದಾಗಲೇ ನೆನಪಾಗುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. ಛಾವಣಿಗೆ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ನೆಲದ ಸ್ಟ್ಯಾಂಡಿನಲ್ಲಿ ಇವು ಯಾವುವೂ ಇಲ್ಲ. ಗಾಡಿ ನೆರಳಿನಲ್ಲಿ, ಡಿಶ್ 15 ಮೀಟರ್ ಆಚೆ ಬಿಸಿಲಿನಲ್ಲಿ, ನಡುವೆ ಕೇಬಲ್. ಗಾಡಿಯಲ್ಲಿ ಮಕ್ಕಳು ಕುಣಿದರೂ ಚಿತ್ರ ಕದಲದು. ಬದಲಿಗೆ ಬೇರೆ ತಾಪತ್ರಯಗಳುಂಟು. ಆಷಾಢದ ಗಾಳಿಗೆ ಡಿಶ್ ಮಗುಚಿ ಬೀಳುತ್ತದೆ. ಸ್ಟ್ಯಾಂಡಿನ ನಡುವೆ ನೀರು ತುಂಬಿದ 20 ಲೀಟರ್ ಕ್ಯಾನ್ ನೇತುಹಾಕಿದರೆ ನಿಲ್ಲುತ್ತದೆ. ಮೇಲುಕೋಟೆಯಲ್ಲಿ ಕೋತಿಗಳು ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ, ಅಂದರೆ ಎಲ್‌ಎನ್‌ಬಿ ತೋಳಿಗೆ ಜೋತುಬಿದ್ದವು, ಅದಕ್ಕೆ ಮಾತ್ರ ನನ್ನ ಹತ್ತಿರ ಪರಿಹಾರ ಇಲ್ಲ. ಪ್ರತಿ ಸಲ ಹೊಂದಿಸಲು ಮೊದಮೊದಲು ಅರ್ಧ ಗಂಟೆ, ಕೈ ಪಳಗಿದ ಮೇಲೆ ಹತ್ತು ನಿಮಿಷ.

ಒಂದು ಊರಿನಲ್ಲಿ ಎರಡು ಮೂರು ದಿನ ಇರುವವರಿಗೆ ನೆಲದ ಸ್ಟ್ಯಾಂಡ್ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ದಿನಕ್ಕೊಂದು ಊರು, ರಾತ್ರಿ ಬಂದು ಬೆಳಗ್ಗೆ ಹೊರಡುವ ಪೈಕಿಯಾದರೆ ಛಾವಣಿಯದು ಪರವಾಗಿಲ್ಲ.

ತಾನೇ ತಿರುಗುವ ಡಿಶ್

ಗುಂಡಿ ಒತ್ತಿದರೆ ತಾನೇ ಉಪಗ್ರಹ ಹುಡುಕಿ ನಿಲ್ಲುವ ಮೋಟಾರಿನ ಡಿಶ್‌ಗಳು, ಗುಮ್ಮಟದೊಳಗಿನ ಆಂಟೆನಾಗಳು ಯುರೋಪು, ಅಮೆರಿಕದ ಕ್ಯಾರವಾನ್‌ಗಳಲ್ಲಿ ಸಾಮಾನ್ಯ. ಅಲ್ಲಿಂದ ಯಾರಾದರೂ ತಂದುಕೊಡುತ್ತೇನೆ ಎಂದರೆ ಮೂರು ಪ್ರಶ್ನೆ ಕೇಳಿ. ಅದರ ನೆನಪಿನಲ್ಲಿ ನಮ್ಮ 83, 93.5 ಡಿಗ್ರಿಯ ಉಪಗ್ರಹಗಳಿವೆಯೇ, ಇಲ್ಲದಿದ್ದರೆ ಸೇರಿಸಬಹುದೇ? ಅದು 74 ಡಿಗ್ರಿಯವರೆಗೆ ಮೇಲೆ ನೋಡಬಲ್ಲದೇ? 25-30 ಡಿಗ್ರಿ ಎತ್ತರದ ಆಕಾಶಕ್ಕೆಂದು ಮಾಡಿದ್ದು ಇಲ್ಲಿ ಕತ್ತು ಎತ್ತಲಾರದೆ ನಿಲ್ಲಬಹುದು. ಮೂರನೆಯದು ಎಲ್‌ಎನ್‌ಬಿ ಬಗೆ. ಅಮೆರಿಕದ ಡಿಶ್ ನೆಟ್‌ವರ್ಕ್, ಡೈರೆಕ್ ಟಿವಿ ಸಿಗ್ನಲ್‌ಗಳು ಸುರುಳಿ ಸುತ್ತಿಕೊಂಡು ಬರುವಂಥವು. ನಮ್ಮವು ಅಡ್ಡ ಮತ್ತು ಉದ್ದ ಎಂಬ ನೇರ ಬಗೆಯವು. ಅಲ್ಲಿಗೆಂದೇ ಮಾಡಿದ ಆಂಟೆನಾ ಇಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಲೆ, ಸುಂಕ ಸೇರಿದರೆ ಅದೇ ದುಡ್ಡಿಗೆ ಗಾಡಿಗೆ ಲಿಥಿಯಂ ಬ್ಯಾಟರಿ ಬರುತ್ತದೆ, ನಾನಾದರೆ ಅದನ್ನೇ ತಗೊಳ್ಳುತ್ತೇನೆ. ಗಾಡಿ ಓಡುವಾಗಲೂ ಟಿವಿ ಬರಬೇಕು ಎನ್ನುವವರಿಗೆ ನನ್ನ ಬಳಿ ಉತ್ತರ ಇಲ್ಲ. ಕಿಟಕಿ ಇದೆ, ನೋಡಿ.

ಡಿಶ್ ಬೇಡ, ಸಿಮ್ ಸಾಕು ಎನ್ನುವವರಿಗೆ

ಮೈಸೂರು–ಬೆಂಗಳೂರು ದಾರಿಯಲ್ಲಿ, ಶ್ರೀರಂಗಪಟ್ಟಣದಲ್ಲಿ, ನಂಜನಗೂಡಿನಲ್ಲಿ ಇಂಟರ್‌ನೆಟ್ ಸಾಕು, ಚೆನ್ನಾಗಿಯೇ ಬರುತ್ತದೆ. ಲೆಕ್ಕ ಮಾತ್ರ ಇಟ್ಟುಕೊಳ್ಳಿ: ಎಚ್‌ಡಿ ಚಿತ್ರ ಗಂಟೆಗೆ 2ರಿಂದ 3 ಜಿಬಿ ತಿನ್ನುತ್ತದೆ. ಸಂಜೆ ಮೂರು ಗಂಟೆ ಕಾಲ ಟಿವಿ ಹಚ್ಚಿದರೆ ದಿನಕ್ಕೆರಡು ಜಿಬಿಯ ಪ್ಯಾಕ್ ಮೊದಲ ಗಂಟೆಯಲ್ಲೇ ಮುಗಿಯಿತು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ, ನಾಗರಹೊಳೆ, ಬಂಡೀಪುರದ ಅಂಚಿನಲ್ಲಿ ನೆಟ್‌ವರ್ಕ್ ಕಣ್ಣಾಮುಚ್ಚಾಲೆ ಆಡುತ್ತದೆ. ಡಿಶ್‌ಗೆ ಟವರ್ ಬೇಕಿಲ್ಲ, ತೆರೆದ ಆಕಾಶ ಸಾಕು.

ಕ್ರಿಕೆಟ್ ನೋಡುವವರಿಗೆ ಇನ್ನೊಂದು ಸಂಕಟ. ಇಂಟರ್‌ನೆಟ್ಟಿನ ನೇರ ಪ್ರಸಾರ ಡಿಶ್ಶಿಗಿಂತ ಹಿಂದೆ ಬೀಳುತ್ತದೆ. ಪಕ್ಕದ ಟೀ ಅಂಗಡಿಯಲ್ಲಿ "ಔಟ್" ಎಂದು ಕೂಗೆದ್ದಾಗ ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ. ಆಮೇಲೆ ನೋಡುವುದೇನು ಬಂತು!

ಯಾವ ಸಂಪರ್ಕ?

ಎಲ್ಲರೂ ಮೊದಲು ಪ್ಯಾಕ್ ದರ ಕೇಳುತ್ತಾರೆ. ಗಾಡಿಗೆ ಅದು ಎರಡನೆಯ ವಿಷಯ.

ಡಿಡಿ ಫ್ರೀ ಡಿಶ್ 2004ರ ಡಿಸೆಂಬರ್‌ನಿಂದ ಇದೆ. ತಿಂಗಳ ಚಂದಾ ಇಲ್ಲ, ಬಾಕ್ಸು ಡಿಶ್ಶು ಸೇರಿ ಒಂದೇ ಸಲ ಎರಡು ಸಾವಿರ ರೂಪಾಯಿ ಆಸುಪಾಸು. ಚಂದನ ಬರುತ್ತದೆ, ದಸರಾ ಜಂಬೂ ಸವಾರಿ ನೋಡಲು ತೊಂದರೆ ಇಲ್ಲ. ಆದರೆ ಬಹುಪಾಲು ವಾಹಿನಿಗಳು ಸಾಮಾನ್ಯ ಗುಣಮಟ್ಟದವು, ಚಂದಾ ಕಟ್ಟಬೇಕಾದ ಕನ್ನಡ ಎಚ್‌ಡಿ ವಾಹಿನಿಗಳು ಅದರಲ್ಲಿಲ್ಲ. ವರ್ಷಕ್ಕೆ ನಾಲ್ಕು ಸಲ ಗಾಡಿ ತೆಗೆಯುವವರಿಗೆ ಇದು ಬೇಕಾದಷ್ಟಾಯಿತು. ಅವ್ವನ ಸೀರಿಯಲ್ ಇದರಲ್ಲಿ ಬರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಅದು ಪಾಸಾಗಲಿಲ್ಲ.

ಎಚ್‌ಡಿ ಬೇಕೆಂದರೆ ದುಡ್ಡು ಕೊಡುವ ಸಂಪರ್ಕವೇ ಆಗಬೇಕು. ಆಗ ಮೇಲಿನ ಪಟ್ಟಿ ನೋಡಿ. ಮರಗಿಡದ ನಡುವೆ ಹೆಚ್ಚು ನಿಲ್ಲಿಸುವವರಿಗೆ 83 ಡಿಗ್ರಿಯದು ಒಳ್ಳೆಯದು, ನೆತ್ತಿಯ ಮೇಲೊಂದು ಕಿಂಡಿ ಸಿಕ್ಕರೆ ಸಾಕು. 108.2ರದು ಪೂರ್ವಕ್ಕೆ ವಾಲಿರುವುದರಿಂದ ಆ ಕಡೆ ಬಯಲು ಬೇಕು. ಕೆಆರ್‌ಎಸ್ ಹಿನ್ನೀರಿನಂಥ ಜಾಗದಲ್ಲಿ ಇದೂ ಒಂದೇ, ಅದೂ ಒಂದೇ. ಸನ್ ಡೈರೆಕ್ಟ್ 93.5ರ ಜೊತೆ 91.5 ಡಿಗ್ರಿಯ ಉಪಗ್ರಹವನ್ನೂ ಬಳಸುತ್ತದೆ, ಹಾಗಾಗಿ ನಿಮಗೆ ಬೇಕಾದ ವಾಹಿನಿಗಳಿಗೆ ಎಲ್‌ಎನ್‌ಬಿ ಎಷ್ಟು ಬೇಕು ಎಂದು ಅಂಗಡಿಯಲ್ಲೇ ವಿಚಾರಿಸಿ. ಮನೆಯ ಬಾಕ್ಸನ್ನೇ ಕಿತ್ತು ಗಾಡಿಗೆ ಹಾಕಿಕೊಳ್ಳುವುದಾದರೆ ಗಾಡಿಯ ಡಿಶ್ಶನ್ನೂ ಅದೇ ಕಂಪನಿಯ ಉಪಗ್ರಹಕ್ಕೆ ತಿರುಗಿಸಬೇಕು. ಒಬ್ಬರ ಬಾಕ್ಸು ಇನ್ನೊಬ್ಬರ ಸಿಗ್ನಲ್‌ಗೆ ಬಾಯಿ ತೆರೆಯದು. ತಿಂಗಳುಗಟ್ಟಲೆ ಮುಚ್ಚಿಟ್ಟ ಬಾಕ್ಸು ಹೊರಟ ದಿನವೇ ಕೈಕೊಡುವುದುಂಟು. ಹಿಂದಿನ ದಿನ ಮನೆಯಲ್ಲೇ ಹಚ್ಚಿ, ರೀಚಾರ್ಜ್ ಮಾಡಿ, ರಿಫ್ರೆಶ್ ಆಗುವವರೆಗೆ ಬಿಟ್ಟಿರಿ.

ಟಿವಿ ಕೊಳ್ಳುವಾಗ ಒಂದು ಮಾತು: 24 ಇಂಚಿನಲ್ಲಿ ಮಾರಾಟವಾಗುವ ಬಹಳಷ್ಟು ಟಿವಿಗಳು 'ಎಚ್‌ಡಿ ರೆಡಿ', ಅಂದರೆ 1366×768. ಗಾಡಿಯಲ್ಲಿ ನಾಲ್ಕೈದು ಅಡಿ ದೂರದಿಂದ ನೋಡಲು ಅದು ಧಾರಾಳ. ಎಚ್‌ಡಿಎಂಐ ವೈರಿನಲ್ಲೇ ಬಾಕ್ಸ್ ಜೋಡಿಸಿ, ಹಳೆಯ ಕೆಂಪು-ಹಳದಿ-ಬಿಳಿ ವೈರಿನಲ್ಲಿ ಎಚ್‌ಡಿ ಬರುವುದಿಲ್ಲ. ಎಚ್‌ಡಿ ಪ್ಯಾಕ್ ಹಾಕಿಸಿ ಆ ವೈರಿನಲ್ಲಿ ನೋಡುತ್ತಿದ್ದವರನ್ನು ಕಂಡಿದ್ದೇನೆ.

ಹೊಂದಿಸುವ ಬಗೆ

ಸ್ಟ್ಯಾಂಡಿನ ಕಂಬ ನೆಟ್ಟಗೆ ನಿಲ್ಲಬೇಕು, ಅರ್ಧ ಕೆಲಸ ಅದೇ. ಗಾರೆ ಕೆಲಸದವರ ರಸಮಟ್ಟವನ್ನು ಎರಡು ಬದಿಗೆ ಹಿಡಿದು ನೋಡಿ. ಕಂಬ ವಾಲಿದ್ದರೆ ಡಿಶ್ಶನ್ನು ಬಲಕ್ಕೆ ತಿರುಗಿಸಿದಾಗ ಎತ್ತರವೂ ಕದ್ದು ಬದಲಾಗುತ್ತದೆ, ಆಮೇಲೆ ಎಷ್ಟು ಹೊತ್ತು ಹುಡುಕಿದರೂ ಸಿಗುವುದಿಲ್ಲ.

ಮೊಬೈಲ್ ದಿಕ್ಸೂಚಿ ನೋಡುವಾಗ ಗಾಡಿಯಿಂದ ನಾಲ್ಕು ಹೆಜ್ಜೆ ದೂರ ಬನ್ನಿ, ಕಬ್ಬಿಣ ಸೂಜಿಯನ್ನು ದಾರಿ ತಪ್ಪಿಸುತ್ತದೆ. ಎತ್ತರ ಅಂದಾಜು ಮಾಡಲು ಕೈ ಚಾಚಿ ಮುಷ್ಟಿ ಹಿಡಿಯಿರಿ: ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಆರೂವರೆ ಮುಷ್ಟಿ ಮೇಲೆ 93.5ರ ಜಾಗ. ಅಲ್ಲಿ ಕೊಂಬೆ ಇದೆಯೇ ನೋಡಿ ಸ್ಟ್ಯಾಂಡ್ ಇಡಿ. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಹೊರಟವರಿಗೆ ಇನ್ನೂ ಸುಲಭದ ದಾರಿ ಇದೆ: ಆ ದಿನಗಳಲ್ಲಿ ಬೆಳಗ್ಗೆ 11ರ ಹೊತ್ತಿಗೆ ಸೂರ್ಯನೇ ಆ ಉಪಗ್ರಹದ ಜಾಗಕ್ಕೆ ಬಂದಿರುತ್ತಾನೆ. ಆಗ ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿ ಸಿಗ್ನಲ್ಲೂ ಬೀಳುತ್ತದೆ. (ಅದೇ ಕಾರಣಕ್ಕೆ ಆ ಕೆಲವು ನಿಮಿಷ ಚಿತ್ರ ಹೋದರೆ ಡಿಶ್ ಮುಟ್ಟಬೇಡಿ, ಸೂರ್ಯ ಸರಿದ ಮೇಲೆ ತಾನೇ ಬರುತ್ತದೆ.)

ನಮ್ಮ ಸಾಮಾನ್ಯ ಡಿಶ್‌ಗಳು ಕಾಣುವುದಕ್ಕಿಂತ ಮೇಲೆ ನೋಡುತ್ತವೆ. ಎಲ್‌ಎನ್‌ಬಿ ತೋಳು ಕೆಳಗಿನಿಂದ ಬಂದಿರುವುದರಿಂದ ತಟ್ಟೆಯ ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನದನ್ನು ಅದು ಹಿಡಿಯುತ್ತದೆ. 66 ಡಿಗ್ರಿ ಬೇಕೆಂದರೆ ತಟ್ಟೆ ಹಿಂದಕ್ಕೆ ಒರಗುವುದು ನಲವತ್ತು ಚಿಲ್ಲರೆ ಮಾತ್ರ. ಮೊದಲ ಸಲ ಇದು ತಿಳಿಯದೆ ಡಿಶ್ಶನ್ನು ಆಕಾಶಕ್ಕೆ ಅಂಗಾತ ಮಲಗಿಸಿ ಒಂದು ಸಂಜೆ ಕಳೆದಿದ್ದೇನೆ.

ಆಮೇಲೆ ಎಲ್‌ಎನ್‌ಬಿಯ ತಿರುವು, ಅಂದರೆ ಅದನ್ನು ತೋಳಿನ ತುದಿಯಲ್ಲಿ ಎಷ್ಟು ತಿರುಗಿಸಿ ಕೂರಿಸಬೇಕು ಎಂಬುದು. ಭೂಮಧ್ಯರೇಖೆಗೆ ಹತ್ತಿರವಿರುವ ನಮಗೆ ಇದು ಜಾಸ್ತಿ: ಮೈಸೂರಿನಲ್ಲಿ 93.5ಕ್ಕೆ ಸುಮಾರು 53 ಡಿಗ್ರಿ, ಹಂಪಿಗೆ ಹೋದರೆ 47, ಬೀದರಿನಲ್ಲಿ 40ರ ಹತ್ತಿರ, ದೆಹಲಿಯಲ್ಲಿ 27. ಮನೆ ಡಿಶ್ ಹಾಕುವ ಹುಡುಗರು ಒಮ್ಮೆ ತಿರುಗಿಸಿ ಮರೆತುಬಿಡುತ್ತಾರೆ, ಮನೆ ಎಲ್ಲಿಗೂ ಹೋಗುವುದಿಲ್ಲವಲ್ಲ. ಗಾಡಿ ಹೋಗುತ್ತದೆ. ಮಹಾರಾಷ್ಟ್ರ ದಾಟಿದವರಿಗೆ ಕೆಲವು ವಾಹಿನಿ ಬಂದು ಕೆಲವು ಬರದಿದ್ದರೆ ಮೊದಲು ಇದನ್ನೇ ಸಡಿಲಿಸಿ ತಿರುಗಿಸಿ ನೋಡಿ.

ಬಾಕ್ಸಿನ ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಗೆರೆ ಕಾಣುತ್ತದೆ. ನೋಡಬೇಕಾದ್ದು ಕ್ವಾಲಿಟಿ. ಸ್ಟ್ರೆಂತ್ ಬೇರೆ ಉಪಗ್ರಹ ಸಿಕ್ಕಾಗಲೂ ತುಂಬಿ ನಿಲ್ಲುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ಎರಡು ಸೆಕೆಂಡ್ ಕಾಯಿರಿ, ಮತ್ತೆ ತಿರುಗಿಸಿ. ಒಳಗಿನಿಂದ ಒಬ್ಬರು "ಬಂತು, ಬಂತು, ಹೋಯ್ತು" ಎಂದು ಕೂಗುವ ಹಳೆ ಪದ್ಧತಿ ಇವತ್ತಿಗೂ ಚೆನ್ನ, ನೂರಾರು ರೂಪಾಯಿಯ ಸಿಗ್ನಲ್ ಮೀಟರ್ ಇದ್ದರೆ ಕೂಗಾಟ ತಪ್ಪುತ್ತದೆ. ಕೇಬಲ್ ಆರ್‌ಜಿ-6 ಆಗಿರಲಿ, 20 ಮೀಟರ್‌ವರೆಗೆ ಚಿಂತೆಯಿಲ್ಲ.

ಮಳೆ ಮತ್ತು ಬ್ಯಾಟರಿ

ಜೋರು ಮಳೆಯಲ್ಲಿ ಸಿಗ್ನಲ್ ಕುಗ್ಗುತ್ತದೆ, ಹೆಚ್ಚಾಗಿ ಮೊದಲು ಸೋಲುವುದು ಎಚ್‌ಡಿ ವಾಹಿನಿಗಳೇ. ಮೈಸೂರು ಸೀಮೆಯ ಮಳೆಗೆ 60 ಸೆಂ.ಮೀ. ತಟ್ಟೆ ತಡೆಯುತ್ತದೆ. ಜುಲೈನಲ್ಲಿ ಕೊಡಗಿಗೆ ಹೋಗುವ ಹುಚ್ಚಿದ್ದರೆ 90 ಸೆಂ.ಮೀ. ಇಟ್ಟುಕೊಳ್ಳಿ, ವಿಸ್ತೀರ್ಣ ಎರಡೂಕಾಲು ಪಟ್ಟು, ಹಿಡಿಯುವ ಸಿಗ್ನಲ್ಲೂ ಅಷ್ಟೇ ಪಟ್ಟು. ಆದರೆ ಕಿರಣ ಸಪುರವಾಗುವುದರಿಂದ ಹೊಂದಿಸುವುದು ಕಷ್ಟ, ಗಾಳಿಗೆ ಅದು ಹಾಯಿಯಂತೆ. ಎರಡು ವರ್ಷ ಹೊತ್ತು ತಿರುಗಿ ನಾನು ಚಿಕ್ಕದಕ್ಕೇ ಮರಳಿದೆ.

ಕರೆಂಟಿನ ಲೆಕ್ಕ ಹೆದರಿಸುವಂಥದ್ದಲ್ಲ. 24 ಇಂಚಿನ ಟಿವಿ ಸುಮಾರು 30 ವ್ಯಾಟ್, ಬಾಕ್ಸು, ಎಲ್‌ಎನ್‌ಬಿ ಸೇರಿ 15. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್-ಅವರ್ ಇದೆ; ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಆದರೂ 13 ಗಂಟೆ ಟಿವಿ. ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಇನ್ವರ್ಟರ್ ಬೇಡ, ಬ್ಯಾಟರಿಯಿಂದ ನೇರ ಕೊಡಬಹುದು. ಆದರೆ ಎಂಜಿನ್ ಓಡುವಾಗ ಅದೇ 12 ವೋಲ್ಟ್ 14 ದಾಟುತ್ತದೆ, ನಡುವೆ ಒಂದು ವೋಲ್ಟೇಜ್ ರೆಗ್ಯುಲೇಟರ್ ಹಾಕಿಸಿ. ರಿಮೋಟಿನಲ್ಲಿ ಆರಿಸಿದ ಬಾಕ್ಸು ನಿದ್ದೆ ಮಾಡುತ್ತಿರುವಂತೆ ನಟಿಸುತ್ತದೆ, ಒಳಗೆ ಕರೆಂಟು ಕುಡಿಯುತ್ತಲೇ ಇರುತ್ತದೆ. ಸ್ವಿಚ್ಚನ್ನೇ ಆರಿಸಿ.

ಕೊನೆಯದಾಗಿ, ಸೋಮನಾಥಪುರದಲ್ಲಿ ಒಂದು ಬೆಳಗ್ಗೆ ಕೇಬಲ್ ಬಿಚ್ಚುವುದನ್ನು ಮರೆತು ಗಾಡಿ ಹೊರಡಿಸಿದೆ. ಕನ್ನಡಿಯಲ್ಲಿ ನೋಡಿದರೆ ಡಿಶ್ಶು ಸಾಕುನಾಯಿಯಂತೆ ಹಿಂದೆ ಹಿಂದೆ ಬರುತ್ತಿತ್ತು. ಅಂದಿನಿಂದ ಕೇಬಲ್ ಸುತ್ತಿಡುವ ಗೋಣಿಚೀಲದ ಜಾಗ ಸ್ಟೀರಿಂಗ್ ಮೇಲೆ. ಚೀಲ ಖಾಲಿಯಿದ್ದರೆ ಅವ್ವನೇ ಕೂಗುತ್ತಾಳೆ: "ಲೋ, ತಟ್ಟೆ ಆಚೇಲೆ ಅದೆ ಕಣ್ಲಾ."